ಅಲ್ಪಗಾತ್ರದ ಅರ್ಬುದಗಳ ಶೋಧನೆಯಲ್ಲಿ ಬೆಳಕಿಗೆ ಸ್ಪಂದಿಸುವ ಪಾಲಿಮರ್ ನ್ಯಾನೋಕಣಗಳು

ಬೆಳಕಿಗೆ ಸ್ಪಂದಿಸುವ ಪಾಲಿಮರ್ ನ್ಯಾನೋಕಣಗಳೆಂದರೆ, ಒಂದೇ ಬಗೆಯ ಘಟಕಗಳು ಸಾಲುಸಾಲಾಗಿ ಬೆಸೆದುಕೊಂಡು ಆದ ಬೃಹದಣುಗಳಿಂದ ರಚಿತವಾಗಿ, ವ್ಯಾಸದಲ್ಲಿ ಸಾಮಾನ್ಯವಾಗಿ 10ರಿಂದ 100 ನ್ಯಾನೋಮೀಟರುಗಳೊಳಗೇ ಇದ್ದು, ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು ಅದರ ಶಕ್ತಿಯನ್ನು ಬೇರೊಂದು ವರ್ಣದ ಬೆಳಕಾಗಿಯೋ ಧ್ವನಿಯಾಗಿಯೋ ಶಾಖವಾಗಿಯೋ ರಾಸಾಯನಿಕ ಕ್ರಿಯೆಯಾಗಿಯೋ ಹೊರಗೆಡಹತಕ್ಕ ಸೂಕ್ಷ್ಮಕಣಗಳು. ನ್ಯಾನೋಮೀಟರ್ ಎಂಬುದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಮನುಷ್ಯನ ಕೆಂಪು ರಕ್ತಕಣದ ಅಡ್ಡಳತೆ ಸುಮಾರು 7,000 ನ್ಯಾನೋಮೀಟರುಗಳಷ್ಟಿರುವುದರಿಂದ, ಆ ರಕ್ತಕಣ ನುಸುಳಬಲ್ಲ ಅತಿ ಕಿರಿಯ ಲೋಮನಾಳದಲ್ಲಿಯೂ ಈ ಕಣಗಳ ಸಂಚಾರಕ್ಕೆ ಅಡ್ಡಿಯಿಲ್ಲ. ಶರೀರದಲ್ಲಿ ಆಗತಾನೆ ತಲೆಯೆತ್ತುತ್ತಿರುವ, ಕೈಗೆ ತಗುಲದ, ಕಣ್ಣಿಗೆ ಬೀಳದ ಅರ್ಬುದವನ್ನು ಗುರುತಿಸುವುದಕ್ಕೆ ಇವನ್ನು ಬಳಸಿಕೊಳ್ಳುವ ಪ್ರಯತ್ನ ಕಳೆದ ಎರಡು ದಶಕಗಳಲ್ಲಿ ರಸಾಯನವಿಜ್ಞಾನ, ಭೌತವಿಜ್ಞಾನ, ವೈದ್ಯಶಾಸ್ತ್ರ ಈ ಮೂರೂ ಕೂಡುವೆಡೆಯಲ್ಲಿ ಒಂದು ಸ್ವತಂತ್ರ ಶಾಖೆಯಾಗಿಯೇ ಬೆಳೆದಿರುವುದು.

ಈ ಕಣಗಳಲ್ಲಿ ಪ್ರಧಾನವಾಗಿ ಮೂರು ಕುಲಗಳುಂಟು. ಬೆಳಕು ತಾಗಿದೊಡನೆ ತಮ್ಮ ಆಕಾರವನ್ನೋ ಬಂಧವನ್ನೋ ಬದಲಿಸಿಕೊಳ್ಳುವ ಪಾಲಿಮರುಗಳದು ಒಂದು ಕುಲ. ತಾವೇ ಬೆಳಕನ್ನು ಹೀರಿ ತಾವೇ ಬೆಳಗುವ ಅರೆವಾಹಕ ಪಾಲಿಮರುಗಳದು ಇನ್ನೊಂದು. ಪಾಲಿಮರು ಬೆಳಕಿಗೆ ಉದಾಸೀನವಾಗಿದ್ದು, ತನ್ನ ಒಡಲಲ್ಲಿ ಹೊತ್ತ ವರ್ಣದ್ರವ್ಯವನ್ನು ಸಮಯವರಿತು ಬೆಳಗಗೊಡುವಂಥದು ಮೂರನೆಯದು. ಅರ್ಬುದಶೋಧನೆಯಲ್ಲಿ ಇಂದು ಮುಂದೆ ನಿಂತಿರುವುವು ಕಡೆಯ ಎರಡು ಕುಲಗಳೇ ಆದುದರಿಂದ ಇಲ್ಲಿ ಅವುಗಳ ವಿಚಾರವೇ ಹೆಚ್ಚಾಗಿ ಬರುವುದು.

ಅಲ್ಪಗಾತ್ರದ ಅರ್ಬುದವೆಂದರೆ ಎಷ್ಟು ಅಲ್ಪವೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಒಂದು ಸೆಂಟಿಮೀಟರ್ ಅಡ್ಡಳತೆಯ ಗಂತಿಯಲ್ಲಿ ಸುಮಾರು 100 ಕೋಟಿ ಜೀವಕೋಶಗಳಿರುತ್ತವೆಂದು ಸಾಮಾನ್ಯವಾಗಿ ಲೆಕ್ಕಹಾಕುತ್ತಾರೆ. ಒಂದು ಮಿಲಿಮೀಟರಿನ ಗಂತಿಯಲ್ಲಿ ಅದರ ಸಾವಿರದಲ್ಲೊಂದು ಪಾಲು, ಎಂದರೆ ಸುಮಾರು 10 ಲಕ್ಷ. ಈ ಒಂದೆರಡು ಮಿಲಿಮೀಟರಿನ ಮೇರೆ ಕೇವಲ ಅಳತೆಯ ಅನುಕೂಲಕ್ಕೆ ಎಳೆದ ಗೆರೆಯಲ್ಲ. ರಕ್ತನಾಳದಿಂದ ಹೊರಟ ಆಕ್ಸಿಜನ್ ಅಂಗಾಂಶದಲ್ಲಿ ಹರಡಿಕೊಂಡು ತಲಪಬಲ್ಲ ದೂರ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಷ್ಟೇ ಆದುದರಿಂದ, ಸ್ವಂತ ರಕ್ತನಾಳಗಳಿಲ್ಲದ ಗಂತಿ ಆ ಮೇರೆಯನ್ನು ದಾಟಿ ಬೆಳೆಯಲಾರದು. ಬೆಳೆಯಬೇಕಾದರೆ ಸುತ್ತಣ ಅಂಗಾಂಶದಿಂದ ಹೊಸ ನಾಳಗಳನ್ನು ತನ್ನತ್ತ ಸೆಳೆದುಕೊಳ್ಳಲೇಬೇಕು. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದ ಈ ತತ್ತ್ವ ಮೊದಮೊದಲು ಅನೇಕರ ಅವಿಶ್ವಾಸಕ್ಕೆ ಪಾತ್ರವಾಗಿದ್ದು, ಕ್ರಮೇಣ ಅರ್ಬುದವಿಜ್ಞಾನದ ಅಡಿಗಲ್ಲುಗಳಲ್ಲೊಂದಾಯಿತು. ಗಂತಿ ಇನ್ನೂ ನಾಳಗಳನ್ನು ಸೆಳೆದುಕೊಳ್ಳದೆ ಇರುವ ಅಥವಾ ಆಗತಾನೆ ಸೆಳೆದುಕೊಳ್ಳುತ್ತಿರುವ ಘಟ್ಟದಲ್ಲಿ ಅದನ್ನು ಕಂಡುಹಿಡಿಯಬಲ್ಲೆವಾದರೆ ಶಸ್ತ್ರವೈದ್ಯನ ಕೆಲಸ ಎಷ್ಟು ಹಗುರವಾಗುವುದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದರೆ ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ ಉಪಕರಣಗಳ ದೃಷ್ಟಿ ಅಷ್ಟು ಕೆಳಗೆ ಇಳಿಯದು. ಪೆಟ್ ಸ್ಕ್ಯಾನಿನ ಬಿಡಿಸಿ ತೋರುವ ಶಕ್ತಿ ಸುಮಾರು 4ರಿಂದ 6 ಮಿಲಿಮೀಟರ್, ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳು ಅದಕ್ಕಿಂತ ಸ್ಫುಟವಾದರೂ, ಮಿಲಿಮೀಟರಿನ ಚುಕ್ಕೆಯೊಂದು ಅರ್ಬುದವೋ ಹಳೆಯ ಗಾಯದ ಕಲೆಯೋ ಎಂದು ಅವು ಹೇಳಲಾರವು. ಇದಕ್ಕಿಂತಲೂ ಗಂಭೀರವಾದ ಕೊರತೆ ಶಸ್ತ್ರಕ್ರಿಯೆಯ ಮೇಜಿನ ಬಳಿ ಕಾಣಬರುವುದು. ಹೊಟ್ಟೆಯನ್ನು ತೆರೆದ ಮೇಲೆ ವೈದ್ಯನಿಗೆ ಸ್ಕ್ಯಾನಿನ ಚಿತ್ರ ಹೆಚ್ಚಿನ ನೆರವನ್ನು ಕೊಡದು. ತನ್ನ ಕಣ್ಣನ್ನೂ ಬೆರಳ ತುದಿಯನ್ನೂ ನಂಬಿ ಅವನು ಮುಂದುವರಿಯಬೇಕು. ಅಂಡಾಶಯದ ಅರ್ಬುದ ಉದರದ ಒಳಪೊರೆಯ ಮೇಲೆ ಸಾಸಿವೆಗಿಂತ ಕಿರಿಯ ಗಂಟುಗಳಾಗಿ ಚೆಲ್ಲಿಕೊಂಡಿರುವಾಗ, ಮಿದುಳಿನ ಗಂತಿಯ ಅಂಚು ಆರೋಗ್ಯವಂತ ಮಿದುಳಿನೊಳಕ್ಕೆ ಕಾಣದಂತೆ ಕರಗಿಹೋಗಿರುವಾಗ, ಏನನ್ನು ತೆಗೆಯಬೇಕು ಏನನ್ನು ಉಳಿಸಬೇಕು ಎಂಬ ನಿರ್ಣಯ ಕ್ಷಣಕ್ಷಣಕ್ಕೂ ಎದುರಾಗುವುದು. ಉಳಿದ ಅಲ್ಪವೇ ಮುಂದೆ ಮರುಕಳಿಸುವ ಅರ್ಬುದಕ್ಕೆ ಮೂಲವಾಗುವುದು. ಬೆಳಕಿಗೆ ಸ್ಪಂದಿಸುವ ವಸ್ತುಗಳ ನಿಜವಾದ ಕಾರ್ಯಕ್ಷೇತ್ರ ಈ ಮೇಜೇ ಎಂಬುದು ಈ ಲೇಖಕನ ಅಭಿಪ್ರಾಯ. ಇಡೀ ದೇಹವನ್ನು ಹೊರಗಿನಿಂದ ಬೆಳಗಿಸಿ ಒಳಗಣ ಗಂತಿಯನ್ನು ಕಾಣುವೆವೆಂಬ ಆಸೆಗೆ ಬೆಳಕಿನ ಸ್ವಭಾವವೇ ಅಡ್ಡಿಯಾಗಿ ನಿಂತಿರುವುದು.

ಆ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಪ್ರಖರವಾದ ದೀಪವನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಬೆರಳುಗಳು ಕೆಂಪಗೆ ಬೆಳಗುವುದನ್ನು ಎಲ್ಲರೂ ಕಂಡಿದ್ದೇವೆ. ನೀಲಿ ಹಸಿರು ಕಿರಣಗಳನ್ನು ರಕ್ತದ ಹಿಮೊಗ್ಲೋಬಿನ್ ಹೀರಿಬಿಡುವುದು. ಕೆಂಪು ಮಾತ್ರ ಅಳಿದುಳಿದು ಹೊರಬರುವುದು. ಕೆಂಪನ್ನೂ ದಾಟಿದ ಅವಕೆಂಪು ಕಿರಣಗಳಲ್ಲಿ ಸುಮಾರು 700ರಿಂದ 900 ನ್ಯಾನೋಮೀಟರುಗಳ ತರಂಗದೂರದವನ್ನು ರಕ್ತವೂ ಹೆಚ್ಚು ಹೀರದು, ನೀರೂ ಹೆಚ್ಚು ಹೀರದು; ಶರೀರದಲ್ಲಿ ಬೆಳಕಿಗೆ ತೆರೆದಿರುವ ಮೊದಲ ಕಿಟಕಿ ಇದು. ಆದರೆ ಹೀರಿಕೆಗಿಂತ ದೊಡ್ಡ ತೊಡಕು ಚದರಿಕೆ. ಜೀವಕೋಶ, ಅದರ ಬೀಜ, ನಾರು, ಕೊಬ್ಬಿನ ಹನಿ ಇವೆಲ್ಲವೂ ಬೆಳಕನ್ನು ಅತ್ತಿತ್ತ ತಿರುಗಿಸುವುದರಿಂದ, ಒಂದು ಮಿಲಿಮೀಟರಿನಷ್ಟು ಆಳದಲ್ಲಿಯೇ ಕಿರಣ ತಾನು ಹೊರಟ ದಿಕ್ಕನ್ನು ಮರೆಯುವುದು. ಕೆಲವು ಸೆಂಟಿಮೀಟರ್ ಆಳದಿಂದ ಬೆಳಕು ಹೊರಬಂದರೂ ಅದರ ಮೂಲ ಒಂದು ಮಸುಕಾದ ಹರಹಾಗಿ ಮಾತ್ರ ತೋರುವುದು. ತರಂಗದೂರ ಹೆಚ್ಚಿದಂತೆ ಚದರಿಕೆ ಕಡಮೆಯಾಗುವುದರಿಂದ 1,000ದಿಂದ 1,700 ನ್ಯಾನೋಮೀಟರುಗಳ ನಡುವೆ, ನೀರು ಹೆಚ್ಚಾಗಿ ಹೀರುವ ಕೆಲವು ಎಡೆಗಳನ್ನು ಬಿಟ್ಟರೆ, ಎರಡನೆಯ ಕಿಟಕಿಯೊಂದುಂಟು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊಂಗ್‌ಜೀ ಡಾಯ್ ಮತ್ತು ಸಂಗಡಿಗರು 2009ರಲ್ಲಿ ಇಂಗಾಲದ ನ್ಯಾನೋನಳಿಕೆಗಳ ನೆರವಿನಿಂದ ಇಲಿಗಳಲ್ಲಿ ಅದರ ಪ್ರಯೋಜನವನ್ನು ತೋರಿಸಿಕೊಟ್ಟ ಮೇಲೆ, ಆ ಕಿಟಕಿಯಲ್ಲಿ ಬೆಳಗುವ ಪಾಲಿಮರುಗಳಿಗಾಗಿ ಹುಡುಕಾಟ ಭರದಿಂದ ಸಾಗಿತು.

ಅರ್ಬುದವನ್ನು ಬೆಳಗಿಸಿ ನೋಡುವ ಯೋಚನೆ ಪಾಲಿಮರುಗಳೊಡನೆ ಹುಟ್ಟಿದುದಲ್ಲ. ಒಂದು ವರ್ಣದ ಬೆಳಕನ್ನು ಹೀರಿ ಅದಕ್ಕಿಂತ ಉದ್ದದ ತರಂಗದ ಬೆಳಕನ್ನು ಬೀರುವ ಪ್ರತಿದೀಪ್ತಿಯನ್ನು ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಕ್ವಿನೈನಿನ ದ್ರಾವಣವೇ ಮೊದಲಾದವುಗಳಲ್ಲಿ ಪರೀಕ್ಷಿಸಿ ನಿರೂಪಿಸಿದ್ದನು. ಸುಮಾರು ಒಂದು ಶತಮಾನದ ತರುವಾಯ, 1947-48ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಮೂರ್ ಫ್ಲೂರೊಸೀನ್ ವರ್ಣದ್ರವ್ಯವನ್ನು ರೋಗಿಗಳ ರಕ್ತಕ್ಕೆ ಸೇರಿಸಿ, ಮಿದುಳಿನ ಗಂತಿ ಹೊಳೆಯುವುದನ್ನು ಕಂಡನು. 1950ರ ದಶಕದ ಕಡೆಯಲ್ಲಿ ವೈದ್ಯರ ಕೈಸೇರಿದ ಇಂಡೊಸಯನೀನ್ ಗ್ರೀನ್ ಮೊದಲ ಕಿಟಕಿಯಲ್ಲಿಯೇ ಬೆಳಗುವ ದ್ರವ್ಯ. ಇಂದಿಗೂ ಅದು ಬಳಕೆಯಲ್ಲಿರುವುದು. ಅಮೈನೋಲೆವುಲಿನಿಕ್ ಆಮ್ಲವನ್ನು ರೋಗಿಗೆ ಕುಡಿಸಿದಾಗ ಮಿದುಳಿನ ಅರ್ಬುದಕೋಶಗಳು ಅದನ್ನು ಕೆಂಪಗೆ ಬೆಳಗುವ ಪಾರ್ಫಿರಿನ್ನಾಗಿ ಮಾರ್ಪಡಿಸಿಕೊಳ್ಳುವುವು. ಜರ್ಮನಿಯಲ್ಲಿ ವಾಲ್ಟರ್ ಸ್ಟೂಮರ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಚಿತ್ರದಲ್ಲಿ ಕಾಣುವ ಗಂತಿಯನ್ನೆಲ್ಲ ತೆಗೆದುಹಾಕಲು ಸಾಧ್ಯವಾದುದು ಸಾಮಾನ್ಯ ಬೆಳಕಿನಲ್ಲಿ ಶೇಕಡ 36 ರೋಗಿಗಳಲ್ಲಾದರೆ, ಈ ಕೆಂಪು ದೀಪ್ತಿಯ ನೆರವಿನಿಂದ ಶೇಕಡ 65 ರೋಗಿಗಳಲ್ಲಿ. ಇಷ್ಟಾದರೂ ಸಣ್ಣ ಅಣುಗಳ ವರ್ಣದ್ರವ್ಯಗಳಿಗೆ ಇತಿಮಿತಿಗಳುಂಟು. ಅವು ತೀವ್ರವಾದ ಬೆಳಕಿನಲ್ಲಿ ಬೇಗ ಮಾಸುವುವು. ಇಂಡೊಸಯನೀನ್ ಗ್ರೀನ್ ಕೆಲವೇ ನಿಮಿಷಗಳಲ್ಲಿ ರಕ್ತವನ್ನು ಬಿಟ್ಟು ಯಕೃತ್ತನ್ನು ಸೇರಿಬಿಡುವುದು. ಅವುಗಳಲ್ಲಿ ಹಲವು ಅರ್ಬುದವಿರುವಲ್ಲಿಯೂ ಇಲ್ಲದಲ್ಲಿಯೂ ಒಂದೇ ಸಮನೆ ಬೆಳಗುತ್ತಿರುವುವು.

ಪಾಲಿಮರುಗಳು ಈ ರಂಗಕ್ಕೆ ಬಂದುದು ವಿದ್ಯುತ್ತಿನ ದಾರಿಯಿಂದ. ಪಾಲಿಮರ್ ಎಂದರೆ ಬೃಹದಣುವೇ ಹೊರತು ಸಣ್ಣ ಅಣುಗಳ ಸಡಿಲವಾದ ಗುಂಪಲ್ಲವೆಂದು ಜರ್ಮನಿಯ ಹೆರ್ಮಾನ್ ಸ್ಟೌಡಿಂಗರ್ 1920ರಲ್ಲಿ ಸಾರಿದ ಮೇಲೆಯೂ, ಬಹುಕಾಲ ಅವನ್ನು ವಿದ್ಯುದ್ವಿರೋಧಿಗಳೆಂದೇ ಎಣಿಸಲಾಗಿದ್ದಿತು. ಜಪಾನಿನಲ್ಲಿ ಹಿದೆಕಿ ಶಿರಾಕಾವಾ ಅವರ ಪ್ರಯೋಗಶಾಲೆಯಲ್ಲಿ ಒಮ್ಮೆ ವೇಗವರ್ಧಕವನ್ನು ಕಣ್ತಪ್ಪಿನಿಂದ ಸಾವಿರ ಮಡಿ ಹೆಚ್ಚಾಗಿ ಬೆರೆಸಲಾಗಿ, ಪಾಲಿಅಸಿಟಲೀನ್ ಎಂಬ ವಸ್ತು ಕಪ್ಪು ಪುಡಿಯಾಗುವುದಕ್ಕೆ ಬದಲು ಬೆಳ್ಳಿಯ ಹೊಳಪಿನ ಪೊರೆಯಾಗಿ ಒದಗಿತು. ಆ ಪೊರೆಯನ್ನು ಅಯೊಡೀನಿನಿಂದ ಸಂಸ್ಕರಿಸಿದರೆ ಅದು ಲೋಹದಂತೆ ವಿದ್ಯುತ್ತನ್ನು ಒಯ್ಯುವುದೆಂದು ಶಿರಾಕಾವಾ, ಅಲನ್ ಮ್ಯಾಕ್‌ಡಿಯಾರ್ಮಿಡ್, ಅಲನ್ ಹೀಗರ್ ಈ ಮೂವರು 1977ರಲ್ಲಿ ತೋರಿಸಿದರು. 2000ದ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಕೇಂಬ್ರಿಜ್ಜಿನ ವಿಜ್ಞಾನಿಗಳು 1990ರಲ್ಲಿ ಪಾಲಿಫಿನೈಲೀನ್ ವೈನಿಲೀನ್ ಎಂಬ ಪಾಲಿಮರಿಗೆ ವಿದ್ಯುತ್ತನ್ನು ಹಾಯಿಸಿ ಅದು ಬೆಳಕನ್ನು ಬೀರುವಂತೆ ಮಾಡಿದರು. ಪರದೆಗಳಿಗೂ ದೀಪಗಳಿಗೂ ಎಂದು ಬೆಳೆಸಿದ ಈ ವಸ್ತುಗಳು ಮುಂದೆ ಅರ್ಬುದವನ್ನು ಹುಡುಕಲು ರಕ್ತದೊಳಗೆ ಇಳಿಯುವುವೆಂದು ಆ ದಿನಗಳಲ್ಲಿ ಯಾರೂ ಎಣಿಸಿರಲಾರರು.

ಇವುಗಳ ಬೆಳಗುವಿಕೆಯ ರಹಸ್ಯ ಅವುಗಳ ಬಂಧಗಳಲ್ಲಿದೆ. ಇಂಗಾಲದ ಪರಮಾಣುಗಳ ನಡುವೆ ಏಕಬಂಧವೂ ದ್ವಿಬಂಧವೂ ಒಂದರ ತರುವಾಯ ಒಂದರಂತೆ ಬರುತ್ತಿರಲು, ದ್ವಿಬಂಧದ ಎಲೆಕ್ಟ್ರಾನುಗಳು ಯಾವುದೇ ಎರಡು ಪರಮಾಣುಗಳಿಗೆ ಅಂಟಿಕೊಳ್ಳದೆ ಸಾಲಿನುದ್ದಕ್ಕೂ ಹರಡಿಕೊಳ್ಳುವುವು. ಹೀಗೆ ಹರಡಿದಷ್ಟೂ ಅವನ್ನು ಉದ್ರೇಕಿಸಲು ಬೇಕಾಗುವ ಶಕ್ತಿ ಕಡಮೆಯಾಗಿ, ಹೀರುವ ಬೆಳಕು ನೀಲಿಯಿಂದ ಕೆಂಪಿನತ್ತ, ಕೆಂಪಿನಿಂದ ಅವಕೆಂಪಿನತ್ತ ಸರಿಯುವುದು. ಎಲೆಕ್ಟ್ರಾನನ್ನು ಕೊಡುವ ಘಟಕವನ್ನೂ ಸೆಳೆಯುವ ಘಟಕವನ್ನೂ ಸರದಿಯಂತೆ ಜೋಡಿಸಿ ರಸಾಯನಜ್ಞರು ಈ ಸರಿತವನ್ನು ತಮಗೆ ಬೇಕಾದಷ್ಟು ಹೊಂದಿಸಿಕೊಳ್ಳಬಲ್ಲರು. ಒಂದೇ ಕಣದಲ್ಲಿ ಇಂಥ ಅನೇಕ ಬೃಹದಣುಗಳು ಒತ್ತಾಗಿ ಸುತ್ತಿಕೊಂಡಿರುವುದರಿಂದ, ಎಲ್ಲಿಯೋ ಹೀರಲ್ಪಟ್ಟ ಶಕ್ತಿ ಘಟಕದಿಂದ ಘಟಕಕ್ಕೆ ಹಾಯುತ್ತ, ಅವಕೆಂಪಿನಲ್ಲಿ ಬೆಳಗುವಂತೆ ಅಲ್ಲಲ್ಲಿ ಬೆರೆಸಿದ ಕೆಲವೇ ವರ್ಣದ್ರವ್ಯಗಳಿಗೆ ಬಂದು ಸೇರುವುದು. ನೂರಾರು ಘಟಕಗಳು ಕೂಡಿಹಾಕಿದ ಬೆಳಕನ್ನು ಒಂದೇ ಘಟಕ ಬೀರುವ ಈ ಏರ್ಪಾಡಿನಿಂದ ಕಣ ಬಹಳ ಪ್ರಕಾಶಮಾನವಾಗುವುದು. ಕ್ಯಾಡ್ಮಿಯಮ್ಮಿನಿಂದ ಮಾಡಿದ ಕ್ವಾಂಟಮ್ ಚುಕ್ಕೆಗಳಿಗೂ ಇಂಥ ಪ್ರಕಾಶವುಂಟಾದರೂ, ಅವುಗಳಲ್ಲಿರುವ ವಿಷಲೋಹದ ಭಯ ಇಲ್ಲಿಲ್ಲ.

ಕಣಗಳನ್ನು ತಯಾರಿಸುವ ಕ್ರಮ ಆಶ್ಚರ್ಯವೆನಿಸುವಷ್ಟು ಸರಳವಾದುದು. ಪಾಲಿಮರನ್ನು ಟೆಟ್ರಾಹೈಡ್ರೋಫ್ಯೂರಾನಿನಂಥ ದ್ರಾವಕದಲ್ಲಿ ಕರಗಿಸಿ, ಕಂಪನಕ್ಕೆ ಒಳಪಡಿಸಿದ ನೀರಿನೊಳಕ್ಕೆ ಒಮ್ಮೆಲೆ ಸುರಿದರೆ, ನೀರನ್ನು ಸಹಿಸದ ಬೃಹದಣುಗಳು ಕ್ಷಣಾರ್ಧದಲ್ಲಿ ಮುದುರಿಕೊಂಡು ಕಣಗಳಾಗುವುವು. ನೀರೊಲವಿನ ಪಾಲಿಎಥಿಲೀನ್ ಗ್ಲೈಕಾಲ್ ಸೇರಿದ ಮತ್ತೊಂದು ಪಾಲಿಮರನ್ನು ಜೊತೆಗೆ ಕರಗಿಸಿದ್ದರೆ ಅದು ಕಣದ ಮೇಲೆ ಹೊದಿಕೆಯಾಗಿ ನಿಲ್ಲುವುದು. ಅಮೆರಿಕದ ಕ್ಲೆಮ್‌ಸನ್ ವಿಶ್ವವಿದ್ಯಾಲಯದ ಜೇಸನ್ ಮೆಕ್‌ನೀಲ್ ಮತ್ತು ಚಾಂಗ್‌ಫೆಂಗ್ ವು 2008ರಲ್ಲಿ ಇಂಥ ಬಹುವರ್ಣದ ಕಣಗಳನ್ನು ಜೀವಕೋಶಗಳ ಚಿತ್ರಣಕ್ಕೆ ಬಳಸಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇನಿಯಲ್ ಚಿಯು ಅವರ ಬಳಗ ಅವುಗಳ ಮೇಲ್ಮೈಗೆ ಪ್ರತಿಕಾಯಗಳನ್ನು ಕೂಡಿಸುವ ವಿಧಾನಗಳನ್ನು ರೂಢಿಸಿತು. ಒತ್ತಾಗಿ ಕೂಡಿದ ಅಣುಗಳು ಪರಸ್ಪರ ದೀಪ್ತಿಯನ್ನು ನಂದಿಸುವುದು ಸಾಮಾನ್ಯ ನಿಯಮ. ಈ ನಿಯಮಕ್ಕೆ ವಿರುದ್ಧವಾಗಿ, ಬಿಡಿಯಾಗಿದ್ದಾಗ ಮಂಕಾಗಿದ್ದು ಗುಂಪುಗೂಡಿದಾಗಲೇ ಬೆಳಗುವ ಅಣುಗಳ ವರ್ಗವೊಂದನ್ನು ಹಾಂಗ್‌ಕಾಂಗಿನ ಬೆನ್ ಜೋಂಗ್ ಟಾಂಗ್ 2001ರಲ್ಲಿ ಬೆಳಕಿಗೆ ತಂದುದರಿಂದ ಕಣರಚನೆಗೆ ಇನ್ನೊಂದು ದಾರಿ ತೆರೆಯಿತು.

ಇಂಥ ಕಣ ಅರ್ಬುದವನ್ನು ಹೇಗೆ ಸೇರುವುದು? ಜಪಾನಿನ ಕುಮಾಮೊಟೊ ನಗರದಲ್ಲಿ ಯಾಸುಹಿರೊ ಮಾತ್ಸುಮುರಾ ಮತ್ತು ಹಿರೋಷಿ ಮಾಯೆದಾ 1986ರಲ್ಲಿ ಕೊಟ್ಟ ಉತ್ತರ ಮೂರು ದಶಕಗಳ ಕಾಲ ಈ ಶಾಸ್ತ್ರವನ್ನು ನಡೆಸಿಕೊಂಡು ಬಂದಿತು. ಅವಸರದಲ್ಲಿ ಬೆಳೆದ ಅರ್ಬುದದ ರಕ್ತನಾಳಗಳ ಗೋಡೆ ಸಂದುಬಿಟ್ಟಿರುವುದು. ಅಲ್ಲಿ ದುಗ್ಧರಸದ ಹರಿವೂ ಸರಿಯಾಗಿರದು. ಆದುದರಿಂದ ದೊಡ್ಡ ಅಣುಗಳು ಹೊರಗೆ ಸೋರಿ ಅಲ್ಲಿಯೇ ತಂಗುವುವು, ಎಂದು ಅವರ ವಿವರಣೆ. ಆದರೆ ಟೊರಾಂಟೊವಿನ ವಾರೆನ್ ಚಾನ್ ಮತ್ತು ಜೊತೆಯವರು ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಕಲೆಹಾಕಿ 2016ರಲ್ಲಿ ಗಣಿಸಲಾಗಿ, ಚುಚ್ಚಿದ ನ್ಯಾನೋಕಣಗಳಲ್ಲಿ ಗಂತಿಯನ್ನು ಸೇರುವುದು ನಡುಮೌಲ್ಯದಲ್ಲಿ ಶೇಕಡ 0.7ರಷ್ಟೇ ಎಂದು ತಿಳಿದುಬಂದಿತು. ಮಿಕ್ಕ ಕಣಗಳಲ್ಲಿ ಬಹುಪಾಲನ್ನು ಯಕೃತ್ತು ಮತ್ತು ಗುಲ್ಮಗಳು ಹಿಡಿದಿಟ್ಟುಕೊಳ್ಳುವುವು. ಇದನ್ನು ಅಲ್ಪಗಾತ್ರದ ಅರ್ಬುದಕ್ಕೆ ಅನ್ವಯಿಸಿ ನೋಡಿದರೆ ತೊಡಕು ಇಮ್ಮಡಿಯಾಗುವುದು. ಒಂದು ಮಿಲಿಮೀಟರಿನ ಗಂತಿಯಲ್ಲಿ ಸೋರುವ ನಾಳಗಳೇ ವಿರಳ. ಕೊಬ್ಬಿದ ಗಂತಿಗಳನ್ನು ಹೊತ್ತ ಇಲಿಗಳ ಚಿತ್ರಗಳನ್ನು ಮಾತ್ರ ತೋರಿಸಿ ಅಲ್ಪ ಅರ್ಬುದವನ್ನು ಗೆದ್ದೆವೆನ್ನುವ ಲೇಖನಗಳನ್ನು ಓದುವಾಗ ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯ.

ಹಾಗಾದರೆ ಗತಿಯೇನು? ಕಣವನ್ನು ಇನ್ನಷ್ಟು ಪ್ರಕಾಶಮಾನವಾಗಿ ಮಾಡಿದರೆ ಸಾಲದು. ಏಕೆಂದರೆ ಸುತ್ತಣ ಅಂಗಾಂಶದಲ್ಲಿ ಉಳಿದ ಕಣಗಳೂ ಅಷ್ಟೇ ಪ್ರಕಾಶಮಾನವಾಗುವುವು. ಕಣ್ಣಿಗೆ ತೋರುವುದು ಗಂತಿಯ ಬೆಳಕಲ್ಲ, ಗಂತಿಯ ಬೆಳಕಿಗೂ ಹಿನ್ನೆಲೆಯ ಬೆಳಕಿಗೂ ಇರುವ ಅಂತರ. ಹಗಲಿನ ಆಕಾಶದಲ್ಲಿ ನಕ್ಷತ್ರಗಳು ಇದ್ದೂ ಕಾಣದಿರುವುದು ಈ ಕಾರಣದಿಂದಲೇ. ಕಣಗಳೇ ಇಲ್ಲದಿದ್ದರೂ ಕೊಲ್ಲಾಜನ್ ಮೊದಲಾದ ದೇಹದ ಸಹಜ ದ್ರವ್ಯಗಳು ಬೆಳಕು ಬಿದ್ದೊಡನೆ ತಾವೂ ಮಂದವಾಗಿ ಬೆಳಗುವುವು. ಆದುದರಿಂದ ಅಲ್ಪ ಅರ್ಬುದದ ಶೋಧನೆಯಲ್ಲಿ ಮುಖ್ಯ ಸಾಧನೆಯೆಂದರೆ ಹಿನ್ನೆಲೆಯನ್ನು ಕತ್ತಲಾಗಿಸುವುದು. ಪಾಲಿಮರಿನ ಹಿರಿಮೆ ಅದರ ಕಾಂತಿಗಿಂತ ಹೆಚ್ಚಾಗಿ ಇರುವುದು ಅರ್ಬುದ ಸಿಕ್ಕುವ ತನಕ ಮೌನವಾಗಿರಬಲ್ಲ ಅದರ ಶಿಸ್ತಿನಲ್ಲಿ. ಇದನ್ನು ಸಾಧಿಸುವ ಮಾರ್ಗಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹವಾದುವು.

ಮೊದಲನೆಯದು ಆಮ್ಲೀಯತೆಯನ್ನು ಆಶ್ರಯಿಸಿದುದು. ಅರ್ಬುದಕೋಶಗಳು ಆಕ್ಸಿಜನ್ ದೊರೆತಾಗಲೂ ಗ್ಲೂಕೋಸನ್ನು ಅರೆಬರೆಯಾಗಿ ಒಡೆದು ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ಸುರಿಯುವುವೆಂದು ಜರ್ಮನಿಯ ಓಟ್ಟೊ ವಾರ್‌ಬುರ್ಗ್ 1920ರ ದಶಕದಲ್ಲಿಯೇ ಕಂಡಿದ್ದನು. ಇದರಿಂದ, ರಕ್ತದ ಪಿಎಚ್ 7.4 ಇದ್ದರೆ ಅರ್ಬುದಕೋಶಗಳ ನಡುವಣ ದ್ರವದ ಪಿಎಚ್ ಅನೇಕವೇಳೆ 6.5ರಿಂದ 6.9ರವರೆಗೆ ಇಳಿದಿರುವುದು. ಗಂತಿ ಯಾವ ಅವಯವದಲ್ಲಿ ಹುಟ್ಟಿದುದೇ ಆಗಲಿ ಬಹುಮಟ್ಟಿಗೆ ಸಮಾನವಾದ ಲಕ್ಷಣವಿದು. ಟೆಕ್ಸಾಸಿನ ಡಾಲಸ್ ನಗರದಲ್ಲಿ ಜಿನ್‌ಮಿಂಗ್ ಗಾವ್ ಅವರ ಬಳಗ 2014ರಲ್ಲಿ ವರ್ಣಿಸಿದ ಕಣದಲ್ಲಿ ಪಾಲಿಮರಿನ ಒಂದು ಪಾಲು ನೀರೊಲವಿನದು, ಇನ್ನೊಂದು ಪಾಲು ಅಮೀನ್ ಗುಂಪುಗಳನ್ನು ಹೊತ್ತುದು. ರಕ್ತದಲ್ಲಿ ಆ ಅಮೀನುಗಳಿಗೆ ವಿದ್ಯುದಂಶವಿಲ್ಲ. ಅವು ನೀರಿಗೆ ಹಿಂಜರಿದು ಒಳಗೆ ಮುದುರಿ, ತಮ್ಮೊಡನೆ ಕಟ್ಟಿದ ವರ್ಣದ್ರವ್ಯದ ಅಣುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುವು. ಹೀಗೆ ಒತ್ತಿಕೊಂಡ ಅಣುಗಳ ಶಕ್ತಿ ಪರಸ್ಪರ ಹಾಯ್ದು ವ್ಯರ್ಥವಾಗಿ, ಕಣ ಕತ್ತಲಾಗಿಯೇ ಇರುವುದು. ಆಮ್ಲೀಯ ದ್ರವ ತಾಗಿದೊಡನೆ ಅಮೀನುಗಳು ಪ್ರೋಟಾನನ್ನು ಹಿಡಿದು ಧನಾವೇಶ ಹೊಂದಿ, ಒಂದನ್ನೊಂದು ತಳ್ಳಿ, ಇಡೀ ಕಣ ಬಿಚ್ಚಿಹೋಗುವುದು. ವರ್ಣದ್ರವ್ಯಗಳು ಬಿಡಿಯಾಗಿ ಬೆಳಗುವುವು. ಒಂದು ಅಮೀನ್ ಬದಲಾದೊಡನೆ ಮಿಕ್ಕವೂ ಬೆನ್ನಹಿಂದೆಯೇ ಬದಲಾಗುವುದರಿಂದ ಈ ಪರಿವರ್ತನೆ ಮೆಲ್ಲಮೆಲ್ಲನೆ ನಡೆಯದೆ, ಪಿಎಚ್ ಅಳತೆಯ ಕಾಲು ಅಂಶದೊಳಗೇ ಮುಗಿದುಬಿಡುವುದು. ಪ್ರಕೃತಿ ಕೊಟ್ಟ ಅಲ್ಪ ವ್ಯತ್ಯಾಸವನ್ನು ಕತ್ತಲು ಬೆಳಕಿನಷ್ಟು ದೊಡ್ಡ ವ್ಯತ್ಯಾಸವಾಗಿ ಹಿಗ್ಗಿಸಿದ ಈ ಜಾಣ್ಮೆಯನ್ನು ಈ ಶಾಖೆಯ ಅತ್ಯುತ್ತಮ ಕಲ್ಪನೆಗಳಲ್ಲಿ ಒಂದೆಂದು ಎಣಿಸಬೇಕು. ಅದು ಇಲಿಗಳಲ್ಲಿಯೇ ನಿಲ್ಲಲಿಲ್ಲ. ಇದೇ ತತ್ತ್ವದ ಕಣಗಳನ್ನು ನೆದರ್‌ಲ್ಯಾಂಡಿನಲ್ಲಿ ತಲೆ-ಕುತ್ತಿಗೆ, ಸ್ತನ, ಅನ್ನನಾಳ, ದೊಡ್ಡ ಕರುಳು ಈ ನಾಲ್ಕು ಬಗೆಯ ಅರ್ಬುದಗಳ ರೋಗಿಗಳಿಗೆ ಕೊಟ್ಟು ನಡೆಸಿದ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. ಕತ್ತರಿಸಿದ ಅಂಚಿನಲ್ಲಿ ಉಳಿದ ಅರ್ಬುದವನ್ನಲ್ಲದೆ, ಬೇರೆ ರೀತಿಯಲ್ಲಿ ಕಣ್ಣಿಗೆ ಬೀಳದೆ ಹೋಗುತ್ತಿದ್ದ ಕೆಲವು ಗಂಟುಗಳನ್ನೂ ಅವು ತೋರಿಸಿಕೊಟ್ಟುವು.

ಎರಡನೆಯ ಮಾರ್ಗ ಅನುದೀಪ್ತಿ, ಎಂದರೆ ದೀಪ ಆರಿದ ಮೇಲೆಯೂ ಉಳಿಯುವ ಬೆಳಕು. ದೇಹದ ಸಹಜ ದೀಪ್ತಿ ಹೊರಗಿನ ಬೆಳಕು ನಿಂತ ಕ್ಷಣವೇ ಆರಿಹೋಗುವುದು. ಆ ಬಳಿಕವೂ ಬೆಳಗುತ್ತಿರುವ ಕಣವಿದ್ದರೆ ಅದರ ಹಿನ್ನೆಲೆ ಬಹುತೇಕ ಪೂರ್ಣ ಕತ್ತಲೆ. ಸಿಂಗಪುರದ ನನ್‌ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಕನ್ಯಿ ಪು ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಕಣಗಳು, ಕೇಂಬ್ರಿಜ್ಜಿನಲ್ಲಿ ಮೊದಲು ಬೆಳಗಿದ ಪಾಲಿಮರಿನ ವಂಶಕ್ಕೇ ಸೇರಿದುವು. ಅವುಗಳ ಮೇಲೆ ಬೆಳಕು ಬಿದ್ದಾಗ ಹತ್ತಿರದ ಆಕ್ಸಿಜನ್ ಉದ್ರಿಕ್ತವಾಗಿ, ಸಿಂಗ್ಲೆಟ್ ಎಂಬ ಕ್ರಿಯಾಶೀಲ ಸ್ಥಿತಿಯನ್ನು ಪಡೆದು, ಪಾಲಿಮರಿನ ದ್ವಿಬಂಧಗಳೊಡನೆ ಕೂಡಿ ಡಯಾಕ್ಸಿಟೇನ್ ಎಂಬ ಅಸ್ಥಿರವಾದ ಉಂಗುರಗಳನ್ನು ಕಟ್ಟುವುದು. ಈ ಉಂಗುರಗಳು ಒಮ್ಮೆಗೇ ಒಡೆಯದೆ ಬಿಡಿಬಿಡಿಯಾಗಿ ನಿಧಾನವಾಗಿ ಒಡೆಯುತ್ತ, ಒಡೆದಾಗಲೆಲ್ಲ ಅಡಗಿದ್ದ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುವುವು. ವ್ಯಾಸದಲ್ಲಿ 40 ನ್ಯಾನೋಮೀಟರಿಗಿಂತ ಕಿರಿದಾದ ಈ ಕಣಗಳ ಅನುದೀಪ್ತಿ 780 ನ್ಯಾನೋಮೀಟರಿನ ಅವಕೆಂಪಿನಲ್ಲಿದ್ದು, ಸುಮಾರು ಆರು ನಿಮಿಷಗಳಿಗೆ ಅರ್ಧಕ್ಕಿಳಿಯುವುದು. ಇಲಿಗಳ ದುಗ್ಧಗ್ರಂಥಿಗಳನ್ನೂ ಗಂತಿಗಳನ್ನೂ ಹೀಗೆ ಚಿತ್ರಿಸಿದಾಗ, ಗುರಿಗೂ ಹಿನ್ನೆಲೆಗೂ ಇರುವ ಪ್ರಮಾಣ ಸಾಧಾರಣ ಪ್ರತಿದೀಪ್ತಿಯಲ್ಲಿ ದೊರೆತುದಕ್ಕಿಂತ 127 ಮಡಿಯವರೆಗೂ ಮೇಲಾಗಿದ್ದಿತು. ಬೆಳಕಿನ ಬದಲು ಶ್ರವಣಾತೀತ ಧ್ವನಿಯಿಂದ ಶಕ್ತಿಯ ಈ ಶೇಖರಣೆಯನ್ನು ಪ್ರೇರಿಸುವ ಕಣಗಳೂ ಈಚೆಗೆ ಬಂದಿವೆ. ಧ್ವನಿ ಬೆಳಕಿಗಿಂತ ಆಳಕ್ಕೆ ಇಳಿಯಬಲ್ಲುದಾದುದರಿಂದ ಇದು ಆಶಾದಾಯಕವಾದ ಹೆಜ್ಜೆ.

ಧ್ವನಿಯ ಮಾತು ಬಂದುದರಿಂದ ದ್ಯುತಿಧ್ವನಿ ಚಿತ್ರಣವನ್ನೂ ಇಲ್ಲಿಯೇ ಹೇಳಬೇಕು. ಕಡಿದು ಕಡಿದು ಬೀಳುವ ಬೆಳಕು ವಸ್ತುಗಳಲ್ಲಿ ಶಬ್ದವನ್ನು ಹುಟ್ಟಿಸುವುದೆಂಬುದನ್ನು ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ 1880ರಲ್ಲಿಯೇ ಕಂಡಿದ್ದನು. ಕೆಲವೇ ನ್ಯಾನೋಸೆಕೆಂಡುಗಳ ಲೇಸರ್ ಮಿಡಿತವನ್ನು ಕಣ ಹೀರಿದಾಗ ಅದರ ನೆರೆಯ ಅಂಗಾಂಶ ಅತ್ಯಲ್ಪವಾಗಿ ಬಿಸಿಯಾಗಿ ಹಿಗ್ಗುವುದು. ಉಷ್ಣತೆ ಡಿಗ್ರಿಯ ಸಾವಿರದಲ್ಲೊಂದು ಪಾಲು ಏರಿದರೂ ಹುಟ್ಟುವ ಒತ್ತಡ ಸುಮಾರು 800 ಪಾಸ್ಕಲುಗಳಷ್ಟಾಗುವುದರಿಂದ ಅದನ್ನು ಹೊರಗಿನ ಗ್ರಾಹಕಗಳು ಕೇಳಿಸಿಕೊಳ್ಳಬಲ್ಲವು. ಅಂಗಾಂಶದಲ್ಲಿ ಶಬ್ದ ಬೆಳಕಿಗಿಂತ ಸುಮಾರು ಸಾವಿರ ಪಾಲು ಕಡಮೆ ಚದರುವುದರಿಂದ, ಬೆಳಕಾಗಿ ಒಳಹೋಗಿ ಧ್ವನಿಯಾಗಿ ಹೊರಬರುವ ಈ ಕ್ರಮದಲ್ಲಿ ಕೆಲವು ಸೆಂಟಿಮೀಟರ್ ಆಳದಲ್ಲಿಯೂ ಚಿತ್ರ ಸ್ಫುಟವಾಗಿರುವುದು. ಸ್ಟ್ಯಾನ್‌ಫರ್ಡಿನಲ್ಲಿ ಜಿಯಾಂಗ್‌ಹೋಂಗ್ ರಾವ್ ಅವರ ಪ್ರಯೋಗಶಾಲೆಯಲ್ಲಿದ್ದಾಗ ಕನ್ಯಿ ಪು ಮತ್ತು ಜೊತೆಗಾರರು 2014ರಲ್ಲಿ ತೋರಿಸಿದಂತೆ, ತೂಕಕ್ಕೆ ತೂಕ ಹೋಲಿಸಿದರೆ ಅರೆವಾಹಕ ಪಾಲಿಮರ್ ಕಣಗಳ ದ್ಯುತಿಧ್ವನಿ ಚಿನ್ನದ ನ್ಯಾನೋಸರಳುಗಳದಕ್ಕಿಂತಲೂ ಇಂಗಾಲದ ನಳಿಕೆಗಳದಕ್ಕಿಂತಲೂ ಬಲವಾದುದು. ಚಿನ್ನದ ಸರಳುಗಳು ಲೇಸರಿನ ಹೊಡೆತಕ್ಕೆ ಕರಗಿ ಆಕಾರಗೆಡುವಂತೆ ಇವು ಕೆಡುವುದೂ ಇಲ್ಲ.

ಆಕಾರ ಬದಲಿಸುವ ಮೊದಲ ಕುಲದ ಪಾಲಿಮರುಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಜೋಬೆಂಜೀನ್ ಅಣು ಬೆಳಕಿನಿಂದ ನೆಟ್ಟನೆಯ ರೂಪದಿಂದ ಬಾಗಿದ ರೂಪಕ್ಕೆ ತಿರುಗುವುದೆಂದು ಹಾರ್ಟ್ಲಿ ಎಂಬ ವಿಜ್ಞಾನಿ 1937ರಲ್ಲಿ ಕಂಡನು; ಸ್ಪೈರೊಪೈರಾನ್, ಡಯಾರಿಲೀಥೀನ್ ಮೊದಲಾದುವೂ ಇದೇ ಬಗೆಯವು. ಇವನ್ನು ಕಣದಲ್ಲಿ ಸೇರಿಸಿ ಅದರ ದೀಪ್ತಿಯನ್ನು ನಿಯತಕಾಲಕ್ಕೆ ಆರಿಸಿ ಹೊತ್ತಿಸುತ್ತಿದ್ದರೆ, ಆ ತಾಳಕ್ಕೆ ಕುಣಿಯದ ಹಿನ್ನೆಲೆಯ ಬೆಳಕನ್ನೆಲ್ಲ ಗಣಿತದಿಂದ ಕಳೆದುಬಿಡಬಹುದು. ಕಲ್ಪನೆ ಸೊಗಸಾದುದು. ಆದರೆ ಇವುಗಳಲ್ಲಿ ಹೆಚ್ಚಿನವು ಬಯಸುವ ಅತಿನೇರಿಳೆ ಕಿರಣ ಚರ್ಮದಲ್ಲಿ ಹೆಚ್ಚು ಆಳಕ್ಕೆ ಇಳಿಯದು. ಹೀರಿದ ಬೆಳಕನ್ನು ಶಾಖವಾಗಿಯೂ ಸಿಂಗ್ಲೆಟ್ ಆಕ್ಸಿಜನ್ನಾಗಿಯೂ ತಿರುಗಿಸಿ ಅರ್ಬುದವನ್ನು ಕಂಡಲ್ಲಿಯೇ ಕೊಲ್ಲುವ ಚಿಕಿತ್ಸೆಯೂ ಇದೇ ಕಣಗಳಿಂದ ಸಾಧ್ಯ. ಅದು ಬೇರೊಂದು ಲೇಖನದ ವಿಷಯ.

ಈ ಕಣಗಳು ಆಸ್ಪತ್ರೆಯನ್ನು ಸೇರುವ ದಾರಿಯಲ್ಲಿರುವ ಅಡ್ಡಿಗಳು ಸಾಮಾನ್ಯವಾದುವಲ್ಲ. ಇಲಿಯ ದೇಹದ ದಪ್ಪ ಎರಡು ಸೆಂಟಿಮೀಟರಿನಷ್ಟಾದರೆ, ಮನುಷ್ಯನ ಮೇದೋಜೀರಕಾಂಗ ಅದರ ಹಲವು ಮಡಿ ಆಳದಲ್ಲಿರುವುದು. ಸುಮಾರು 5.5 ನ್ಯಾನೋಮೀಟರಿಗಿಂತ ದೊಡ್ಡ ಕಣವನ್ನು ಮೂತ್ರಪಿಂಡ ಸುಲಭವಾಗಿ ಹೊರಹಾಕದೆಂದು 2007ರ ಪ್ರಯೋಗಗಳಿಂದ ತಿಳಿದಿದೆ. ಯಕೃತ್ತಿನಲ್ಲಿ ನಿಂತ ಅರೆವಾಹಕ ಪಾಲಿಮರಿನ ಇಂಗಾಲದ ಬೆನ್ನೆಲುಬು ಬೇಗ ಜೀರ್ಣವಾಗುವುದೂ ಇಲ್ಲ. ದೇಹದ ಕಿಣ್ವಗಳಿಂದಲೂ ಆಕ್ಸಿಡೀಕರಣದಿಂದಲೂ ತುಂಡಾಗತಕ್ಕ ಬಂಧಗಳನ್ನು ಬೆನ್ನೆಲುಬಿನಲ್ಲಿಯೇ ಅಳವಡಿಸುವ ಯತ್ನ ಇದಕ್ಕಾಗಿಯೇ ನಡೆದಿರುವುದು. ಇನ್ನು ಕೆಲವರು ಈ ಅಡ್ಡಿಯನ್ನೇ ಅನುಕೂಲವಾಗಿ ತಿರುಗಿಸಿಕೊಂಡು, ಅರ್ಬುದದ ಕಿಣ್ವ ತಾಗಿದಾಗ ಮಾತ್ರ ಕಿರಿಯ ಚೂರೊಂದು ಕಳಚಿ ಮೂತ್ರದಲ್ಲಿ ಇಳಿದುಬರುವಂತೆ ಕಣಗಳನ್ನು ರಚಿಸಿದ್ದಾರೆ; ಆಗ ದೇಹದ ಆಳದ ಪ್ರಶ್ನೆಯೇ ಏಳದೆ, ಗಾಜಿನ ನಳಿಕೆಯಲ್ಲಿ ಬೆಳಕನ್ನು ಅಳೆದು ರೋಗವನ್ನು ಊಹಿಸಬಹುದು. ಕಾರ್ಖಾನೆಯಲ್ಲಿ ಒಂದು ಸಲ ತಯಾರಾದ ಪಾಲಿಮರಿನ ಉದ್ದ ಇನ್ನೊಂದು ಸಲದ್ದರೊಡನೆ ತಾಳೆಯಾಗದಿರುವುದೂ ಔಷಧನಿಯಂತ್ರಕರ ಮುಂದೆ ದೊಡ್ಡ ತೊಡಕು. ಅಂಡಾಶಯದ ಅರ್ಬುದವನ್ನು ಗುರುತಿಸಲು ಪಾಫೋಲಾಸಯನೀನ್ ಎಂಬ ಅವಕೆಂಪು ವರ್ಣದ್ರವ್ಯಕ್ಕೆ ಅಮೆರಿಕ 2021ರಲ್ಲಿ ಮನ್ನಣೆ ನೀಡಿತು. ಅದು ಸಣ್ಣ ಅಣು. ಅರೆವಾಹಕ ಪಾಲಿಮರ್ ಕಣಗಳಾವುವೂ ಅಂಥ ಮನ್ನಣೆಯನ್ನು ಪಡೆದಿಲ್ಲ.

ಭಾರತದ ಮಟ್ಟಿಗೆ ಹೇಳುವುದಾದರೆ ಈ ವಿದ್ಯೆ ಮೊದಲು ಫಲಿಸಬೇಕಾದ ಎಡೆ ಬಾಯಿ. ಹೊಗೆಸೊಪ್ಪು ಅಡಕೆಗಳ ಅಗಿತದಿಂದ ಬರುವ ಬಾಯಿಯ ಅರ್ಬುದ ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣಬರುವ ಅರ್ಬುದಗಳಲ್ಲೊಂದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಿಗೆ ಆ ರೋಗಿಗಳು ಬರುವ ವೇಳೆಗೆ ಅನೇಕವೇಳೆ ರೋಗ ಬಲಿತುಬಿಟ್ಟಿರುವುದು. ಬಾಯಿಯ ಒಳಪೊರೆಗೆ ಬೆಳಕನ್ನು ನೇರವಾಗಿ ಹಾಯಿಸಬಹುದು. ರೋಗ ಮೊಳೆಯುವುದು ಮೇಲ್ಪೊರೆಯಲ್ಲಿಯೇ ಆದುದರಿಂದ ಆಳದ ತೊಡಕೂ ಇಲ್ಲ. ಕಣಗಳನ್ನು ರಕ್ತಕ್ಕೆ ಚುಚ್ಚದೆ ಪೊರೆಯ ಮೇಲೆಯೇ ಸವರುವುದೂ ಸಾಧ್ಯವಾದರೆ ಯಕೃತ್ತಿನ ಪ್ರಶ್ನೆಯೂ ಬಹುಮಟ್ಟಿಗೆ ತೊಲಗುವುದು. ಇಲ್ಲಿ ಎರಡನೆಯ ಕಿಟಕಿಯ ಹಂಬಲ ಬೇಡ. ಸಾವಿರ ನ್ಯಾನೋಮೀಟರುಗಳಾಚೆಯ ಬೆಳಕನ್ನು ಕಾಣಲು ಇಂಡಿಯಮ್-ಗ್ಯಾಲಿಯಮ್ ಆರ್ಸೆನೈಡಿನ ದುಬಾರಿಯಾದ ಕ್ಯಾಮರಾ ಬೇಕಾಗುವುದು. 800 ನ್ಯಾನೋಮೀಟರುಗಳ ಸುತ್ತ ಬೆಳಗುವ, ಆಮ್ಲಕ್ಕೋ ಕಿಣ್ವಕ್ಕೋ ಎಚ್ಚರಗೊಳ್ಳುವ ಪಾಲಿಮರಾದರೆ ಸಾಧಾರಣ ಸಿಲಿಕಾನ್ ಕ್ಯಾಮರಾ, ಒಂದು ಶೋಧಕ ಗಾಜು, ಒಂದು ಸಣ್ಣ ದೀಪ ಇವಿಷ್ಟರಿಂದಲೇ ಜಿಲ್ಲಾ ಆಸ್ಪತ್ರೆಯ ದಂತವೈದ್ಯನೂ ಸಂಶಯದ ಎಡೆಯನ್ನು ಗುರುತಿಸಿ, ಅಲ್ಲಿಂದಲೇ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸಬಲ್ಲನು.